ನೆಲ ಮಾಯವಾದ ವ್ಯೂಪೋರ್ಟ್

ಆಟಿ ತಿಂಗಳು. ಉಡುಪಿಯಲ್ಲಿ ಬಿಡದೆ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನಾನು ತಿದ್ದುತ್ತಿದ್ದ ಗ್ರಾಫಿಕ್ಸ್ ಡ್ರೈವರ್‌ನ (ಚಿತ್ರ ಬಿಡಿಸುವ ಚಿಪ್ಪು, ಅಂದರೆ ಜಿಪಿಯುವನ್ನು ನಡೆಸುವ ತಂತ್ರಾಂಶ) ಪರೀಕ್ಷೆಯೊಂದರಲ್ಲಿ ಮರ, ಮನೆ ಎಲ್ಲ ಸರಿಯಾಗಿ ಮೂಡುತ್ತಿದ್ದವು. ನೆಲ ಮಾತ್ರ ಇಲ್ಲ. ಅದೂ 16384 ಪಿಕ್ಸೆಲ್ ಅಗಲದ ಫ್ರೇಮ್‌ಬಫರ್‌ನಲ್ಲಿ (ಚಿತ್ರ ಮೂಡುವ ಮೆಮೊರಿ) ಬಲಕ್ಕಿದ್ದ ಒಂದು ವ್ಯೂಪೋರ್ಟ್‌ನಲ್ಲಷ್ಟೇ, ಅಂದರೆ ದೃಶ್ಯ ಬಿಡಿಸಲು ಗೊತ್ತುಮಾಡಿದ ಆಯತದಲ್ಲಷ್ಟೇ.

ಶೇಡರ್ (ಜಿಪಿಯು ಮೇಲೆ ಓಡುವ ಪುಟ್ಟ ಪ್ರೋಗ್ರಾಂ) ಮೇಲೆ ಸಂಶಯಪಟ್ಟು ಎರಡು ದಿನ ಹಾಳು. ಕೊನೆಗೆ, ನಮಗೆ ಬೆನ್ನು ತೋರಿಸುವ ತ್ರಿಕೋನಗಳನ್ನು ಬಿಡಿಸದೆ ಬಿಡುವ ಬ್ಯಾಕ್‌ಫೇಸ್ ಕಲ್ಲಿಂಗ್ ಆಫ್ ಮಾಡಿದೆ. ನೆಲ ಬಂತು, ಆದರೆ ಸೊಟ್ಟಗೆ. ಅಂದರೆ ನೆಲವನ್ನು ಕಟ್ಟಿದ ತ್ರಿಕೋನದ ಒಂದು ಮೂಲೆ ಬಲಕ್ಕೆ ಹೋಗುವ ಬದಲು ಎಡಕ್ಕೆ ಹಾರಿ, ಇಡೀ ತ್ರಿಕೋನವೇ ಮಗುಚಿತ್ತು.

ತ್ರಿಕೋನ ವ್ಯೂಪೋರ್ಟ್ ದಾಟಿದಾಗಲೆಲ್ಲ ಕ್ಲಿಪ್ ಮಾಡಿ (ಅಂಚಿಗೆ ಕತ್ತರಿಸಿ) ಹೊಸ ತುಂಡುಗಳನ್ನು ಹುಟ್ಟಿಸುವುದು ಜಿಪಿಯುಗೆ ದುಬಾರಿ. ಗಾರ್ಡ್‌ಬ್ಯಾಂಡ್, ಅಂದರೆ ವ್ಯೂಪೋರ್ಟ್ ಸುತ್ತ ಬಿಟ್ಟ ಹೆಚ್ಚುವರಿ ಜಾಗದ ಒಳಗಿದ್ದರೆ ಹಾಗೇ ಬಿಡುತ್ತದೆ, ಹೊರಗಿನ ಪಿಕ್ಸೆಲ್‌ಗಳನ್ನು ಆಮೇಲೆ ಎಸೆಯುತ್ತದೆ. ನಮ್ಮ ಹಂಚಿನ ಮಾಡೂ ಹಾಗೆಯೇ ಅಲ್ಲವೇ, ಗೋಡೆಯ ಗೆರೆಗೆ ಹಂಚು ಕೊಯ್ಯುವವರು ಯಾರು? ಆದರೆ ರೀಪು ಇರುವಷ್ಟು ದೂರಕ್ಕೆ ಮಾತ್ರ ಚಾಚಬಹುದು. ಇಲ್ಲಿ ರೀಪು ಎಂದರೆ ತ್ರಿಕೋನವನ್ನು ಪಿಕ್ಸೆಲ್ ಮಾಡುವ ರಾಸ್ಟರೈಸರ್‌ನ 16.8 ಫಿಕ್ಸೆಡ್ ಪಾಯಿಂಟ್ (ಪೂರ್ಣಾಂಕಕ್ಕೆ 16 ಬಿಟ್, ಭಿನ್ನಕ್ಕೆ 8): -32768ರಿಂದ ಹೆಚ್ಚುಕಡಿಮೆ 32767 ಪಿಕ್ಸೆಲ್.

ಹಳೆಯ ಕೋಡ್ 32767ನ್ನು ವ್ಯೂಪೋರ್ಟ್‌ನ ಅರ್ಧ ಅಗಲ 960ರಿಂದ ಭಾಗಿಸಿ, ಗಾರ್ಡ್‌ಬ್ಯಾಂಡ್ ಆ ಅರ್ಧ ಅಗಲದ 34.1 ಪಟ್ಟು ಎಂದು ಬರೆದುಕೊಂಡಿತ್ತು. ವ್ಯೂಪೋರ್ಟ್‌ನ ನಡುಬಿಂದು ಎಲ್ಲಿದೆ ಎಂದು ಕೇಳಿಯೇ ಇರಲಿಲ್ಲ! ನಮ್ಮದು ಇದ್ದದ್ದು 12000ದಲ್ಲಿ. ಹಾಗಾಗಿ 44767ರವರೆಗೂ ಕ್ಲಿಪ್ ಇಲ್ಲದೆ ಬಿಟ್ಟುಕೊಂಡಿತು. ಆ ಅಂಕಿ 16 ಬಿಟ್‌ನಲ್ಲಿ ಹಿಡಿಸದೆ -20769 ಆಯಿತು. ಸರಿಯಾದ ಲೆಕ್ಕ (32767 - 12000) / 960, ಅಂದರೆ 21.6. ಎಡಬಲಗಳಿಗೆ ಬೇರೆ ಬೇರೆ ಲೆಕ್ಕ ಹಾಕಿ ಚಿಕ್ಕದನ್ನು ಇಟ್ಟುಕೊಂಡೆ, ಮೇಲೆ ಕೆಳಗಿಗೂ ಹಾಗೆಯೇ.

ಖುಷಿಯಲ್ಲಿ ಚಹಾ ಕುಡಿಯುತ್ತಿರುವಾಗ ಗೆಳೆಯನ ಫೋನು: "ಎಂತ ಮಾರಾಯ, ಅಂಚಿನಲ್ಲಿ ಪಾಯಿಂಟ್‌ಗಳು ಫಕ್ಕನೆ ಮಾಯ ಆಗ್ತಾ ಉಂಟಲ್ಲ?"

ಅದು ನನ್ನದೇ ತಪ್ಪು. ಕ್ಲಿಪ್ ಮಾಡುವ ಗೆರೆ ಬೇರೆ, ಪೂರ್ತಿ ಎಸೆಯುವ ಗೆರೆ ಬೇರೆ. ಎರಡನೆಯದನ್ನು ನಾನು 1.0ಕ್ಕೆ, ಅಂದರೆ ವ್ಯೂಪೋರ್ಟ್‌ನ ಅಂಚಿಗೇ ಇಳಿಸಿಬಿಟ್ಟಿದ್ದೆ. 64 ಪಿಕ್ಸೆಲ್ ಅಗಲದ ಪಾಯಿಂಟ್‌ನ ನಡುಬಿಂದು ಅಂಚಿನಿಂದ ತುಸು ಆಚೆ ಹೋದರೂ ಹೆಚ್ಚುಕಡಿಮೆ ಅರ್ಧ ಮೈ ಒಳಗೇ ಇರುತ್ತದೆ. ಆ ಅರ್ಧ, 32ನ್ನು 960ರಿಂದ ಭಾಗಿಸಿ, ಬಂದ 0.033ನ್ನು 1.0ಕ್ಕೆ ಕೂಡಿಸಿ 1.033 ಮಾಡಿದೆ. ದಪ್ಪ ಗೆರೆಗಳಿಗೂ ಅದೇ ಮದ್ದು.

ಮರುದಿನ ಯಾರೋ ಸೊನ್ನೆ ಅಗಲದ ವ್ಯೂಪೋರ್ಟ್ ಕೊಟ್ಟರು. ಸೊನ್ನೆಯಿಂದ ಭಾಗಾಕಾರ! ಅರ್ಧ ಅಗಲ 0.5 ಎಂದು ಹಿಡಿದು ಮುಂದೆ ಹೋದೆ.