ಲಾಂಗ್ ಟ್ರಿಪ್‌ಗೆ ಮುಂಚೆ ಜೀಪಿನ ಕೆಳಗೆ ಒಂದು ಭಾನುವಾರ

ನಮ್ಮ ಗಂಗಾವತಿ, ಸಿಂಧನೂರು ಕಡೆ ಟ್ರ್ಯಾಕ್ಟರ್ ಇಟ್ಟವರಿಗೆ ಶಿಯರ್ ಬೋಲ್ಟ್ ಅಂದರೆ ಏನಂತ ಹೇಳಿಕೊಡಬೇಕಾಗಿಲ್ಲ. ರೋಟವೇಟರ್ ಶಾಫ್ಟಿನಲ್ಲಿರುವ ಆ ಸಣ್ಣ ಬೋಲ್ಟ್, ಬ್ಲೇಡಿಗೆ ಕಲ್ಲು ಸಿಕ್ಕಾಗ ತಾನು ಕಟ್ ಆಗಿ ಗೇರ್ ಬಾಕ್ಸ್ ಉಳಿಸುತ್ತದೆ. ಪದೇ ಪದೇ ಕಟ್ ಆಗುತ್ತದೆ ಅಂತ ಬೇಜಾರಾಗಿ ಕೆಲವರು ಅಲ್ಲಿ ಗಟ್ಟಿ ಬೋಲ್ಟ್ ಹಾಕಿಬಿಡುತ್ತಾರೆ. ಮುಂದಿನ ಸಲ ಬೋಲ್ಟ್ ಉಳಿಯುತ್ತದೆ, ಗೇರಿನ ಹಲ್ಲು ಹೋಗುತ್ತದೆ.

ಜೀಪಿನ ವಿಷಯದಲ್ಲಿ ನಾನು ಮಾಡಿದ್ದೂ ಇದೇ ದಡ್ಡತನ. ಹಳೇ ಗಾಡಿಗೆ 31 ಇಂಚಿನ ಟೈರ್ ಹಾಕಿಸಿದೆ. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಜಾಯಿಂಟಿನಲ್ಲಿರುವ ಪ್ಲಸ್ ಆಕಾರದ ಪಾರ್ಟ್, ಎರಡು ಸಲ ಮುರಿಯಿತು. ಸಿಟ್ಟು ಬಂದು ಹೆವಿ ಕ್ರಾಸ್ ಹುಡುಕಿ ಹಾಕಿಸಿದೆ. ಮಳೆಗಾಲದಲ್ಲಿ ಮಸ್ಕಿ ಹತ್ತಿರ ಎರೆ ಹೊಲದ ದಾರಿಯಲ್ಲಿ ಸಿಕ್ಕಿಬಿದ್ದಾಗ ಕ್ರಾಸಿಗೆ ಏನೂ ಆಗಲಿಲ್ಲ, ಆಕ್ಸಲ್ ಒಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್ನಿನ ಹಲ್ಲು ಮಾತ್ರ ಕಟಕಟ ಅಂತ ಹೋಯಿತು. ಹೌಸಿಂಗ್ (ಆ ಗೇರಿರುವ ಆಕ್ಸಲ್ ಕವಚ) ಬಿಚ್ಚಿದ ಮಿಸ್ತ್ರಿ ಕೇಳಿದ್ದು ಇಷ್ಟೇ: "ಅಣ್ಣಾ, ಏನಾರ ಒಂದು ಮುರೀಲೇಬೇಕು ಅಂದ್ರ ಸಸ್ತಾದ್ದು ಮುರಿದ್ರ ಚಲೋನೋ, ತುಟ್ಟಿದು ಮುರಿದ್ರ ಚಲೋನೋ?"

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ರಾಜಸ್ಥಾನಕ್ಕೋ ಲಡಾಖಿಗೋ ಹೊರಡುವ ಮುಂಚೆ ದೊಡ್ಡ ಪಾರ್ಟ್ ಹಾಕಿಸಲು ಓಡಬೇಡಿ. ಇರುವ ಪಾರ್ಟಿಗೆ ಎಣ್ಣೆ, ಗ್ರೀಸ್, ಗಾಳಿ ಸರಿಯಾಗಿ ಸಿಗುತ್ತಿದೆಯಾ ನೋಡಿ. ಒಂದು ಭಾನುವಾರ ಸಾಕು. ಹಿಂದಿನ ದಿನವೇ ಗಾಡಿಯ ಕೆಳಗಡೆ ಪ್ರೆಶರ್ ವಾಷ್ ಮಾಡಿಸಿ, ಆದರೆ ಶಾಫ್ಟಿನ ಜಾಯಿಂಟ್, ಆಯಿಲ್ ಸೀಲ್, ಗಾಳಿ ಆಡುವ ಬ್ರೀದರ್ ಮೇಲೆ ನೇರವಾಗಿ ನೀರು ಹೊಡೆಸಬೇಡಿ.

ಮೊದಲು ಆಯಿಲ್. ಗೇರ್ ಬಾಕ್ಸ್, ಹಿಂದೆ ಮುಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಹಿಂದಿನ ಮತ್ತು ಮುಂದಿನ ಹೌಸಿಂಗ್, ಒಟ್ಟು ನಾಲ್ಕು ಜಾಗ. ಇಲ್ಲಿ ಒಂದೇ ನಿಯಮ: ಆಯಿಲ್ ಹಾಕುವ ಮೇಲಿನ ಪ್ಲಗ್ ಮೊದಲು ಸಡಿಲ ಮಾಡಿ, ಆಮೇಲೆ ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ. ಉಲ್ಟಾ ಮಾಡಿ, ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನ ಪ್ಲಗ್ ಜಂಗ್ ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಬಂದ ಎಣ್ಣೆಯನ್ನು ತಟ್ಟೆಯಲ್ಲಿ ಹಿಡಿದು ಬೆಳಕಿಗೆ ನೋಡಿ. ಕಪ್ಪಾಗಿದ್ದರೆ ಹಳೆಯದಾಗಿದೆ ಅಷ್ಟೇ. ಹಾಲು ಹಾಕಿದ ಚಾ ತರ ಇದ್ದರೆ ನೀರು ಸೇರಿದೆ. ಪ್ಲಗ್ಗಿನ ಮ್ಯಾಗ್ನೆಟ್‌ಗೆ ಕಾಡಿಗೆಯಂಥ ನುಣ್ಣನೆ ಪುಡಿ ಅಂಟಿದ್ದರೆ ಚಿಂತೆಯಿಲ್ಲ, ಅದು ಎಲ್ಲ ಗಾಡಿಯಲ್ಲೂ ಇರುತ್ತದೆ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಟ್ರಿಪ್ ಮುಂದಕ್ಕೆ ಹಾಕಿ, ಹೌಸಿಂಗ್ ಬಿಚ್ಚಿಸಿ.

ಯಾವ ಆಯಿಲ್ ಅಂತ ಕೇಳುತ್ತೀರಿ. ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ. ಹೌಸಿಂಗಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹೇಳಿರುತ್ತಾರೆ. ಎಲ್ಲದಕ್ಕೂ ಒಂದೇ ಡಬ್ಬಿ ಸಾಕು ಅಂತ ಅದನ್ನೇ ಗೇರ್ ಬಾಕ್ಸಿಗೂ ಸುರಿಯಬೇಡಿ. ಜಿಎಲ್-4 ಕೇಳುವ ಬಾಕ್ಸಿನಲ್ಲಿ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತದೆ, ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕದ ಕೆಮಿಕಲ್ ಅದನ್ನು ತಿನ್ನಬಹುದು. ಹೌಸಿಂಗಿಗೆ ತುಂಬುವಾಗ ಗಾಡಿ ಸಮತಟ್ಟಾಗಿ ನಿಂತಿರಲಿ, ಎಣ್ಣೆ ತೂತಿನ ಕೆಳ ಅಂಚಿಗೆ ಬಂದಾಗ ನಿಲ್ಲಿಸಿ. ಜಾಸ್ತಿ ಹಾಕಿದರೆ ಸೀಲ್ ದಾಟಿ ಬ್ರೇಕಿಗೆ ಬರುತ್ತದೆ.

ಈಗ ಯಾರೂ ಗಮನ ಕೊಡದ ಬ್ರೀದರ್. ಹೌಸಿಂಗಿನ ಮೇಲೆ ಒಂದು ಸಣ್ಣ ಟೋಪಿ ಇರುತ್ತದೆ ನೋಡಿ, ಒಳಗಿನ ಬಿಸಿ ಗಾಳಿ ಅಲ್ಲಿಂದ ಹೊರಬರಬೇಕು. ನಮ್ಮ ಕಡೆ ಮಣ್ಣು ಮೆತ್ತಿ ಅದು ಮುಚ್ಚಿಹೋಗಿರುತ್ತದೆ. ಆಗ ಒಳಗಿನ ಒತ್ತಡ ಸೀಲನ್ನು ತಳ್ಳಿ ಎಣ್ಣೆ ಸೋರುತ್ತದೆ, ನೀವು ಸುಮ್ನೆ ಸೀಲ್ ಬದಲಾಯಿಸುತ್ತಾ ಇರುತ್ತೀರಿ. ರಾಯಚೂರು ಬಿಸಿಲಲ್ಲಿ ಎರಡು ತಾಸು ಓಡಿ ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಇನ್ನೊಂದು ತೊಂದರೆ. ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಟೋಪಿ ತೆಗೆದು ನಿಪ್ಪಲ್ ಹಾಕಿ, ಅದಕ್ಕೊಂದು ಡೀಸೆಲ್ ಪೈಪ್ ಸಿಕ್ಕಿಸಿ ಮೇಲೆ ಬಾನೆಟ್ ಒಳಗೋ ಟೈಲ್ ಲ್ಯಾಂಪ್ ಹತ್ತಿರವೋ ತಂದು ಕಟ್ಟಿ, ತುದಿಗೆ ಸಣ್ಣ ಫಿಲ್ಟರ್ ಹಾಕಿ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಹಾಗಾಗಿ ಪೈಪ್ ಸ್ವಲ್ಪ ಸಡಿಲ ಬಿಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗ ಬೇರೆ ಯಾವುದರಿಂದಲೂ ನನಗೆ ಸಿಕ್ಕಿಲ್ಲ.

ಕ್ರಾಸ್ ನೋಡುವುದು ಹೀಗೆ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಶಾಫ್ಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಮೇಲಕ್ಕೆ ಕೆಳಕ್ಕೆ ಅಲ್ಲಾಡಿಸಿ. ಕ್ರಾಸಿನಲ್ಲೇ ಟಕ್ ಅಂದರೆ ಅದು ಮುಗಿದಿದೆ. ಕ್ರಾಸಿನ ನಾಲ್ಕು ತುದಿಗೂ ಒಂದೊಂದು ಕಪ್ (ಸಣ್ಣ ಬಟ್ಟಲು) ಇರುತ್ತದೆ, ಅದರ ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿ ಜಂಗ್ ಬಂದಿದೆ ಅಂತ ಅರ್ಥ, ಆದರೆ ಸಂಡೂರು ಕಡೆ ಓಡಾಡಿದ ಗಾಡಿಯಲ್ಲಿ ಎಲ್ಲ ಕಡೆ ಕೆಂಪು ಪುಡಿಯೇ ಅಲ್ವಾ, ಅದಿರಿನ ಧೂಳು ಯಾವುದು ಜಂಗ್ ಯಾವುದು ಅಂತ ಗೊತ್ತಾಗುವುದಿಲ್ಲ. ಒರೆಸಿ ಬಿಡಿ. ಡಾಂಬರ್ ರೋಡಿನಲ್ಲಿ 50 ಕಿ.ಮೀ. ಓಡಿಸಿ ಮತ್ತೆ ನೋಡಿ. ಕಪ್ಪಿನ ಬಾಯಲ್ಲಿ ಮಾತ್ರ ಮತ್ತೆ ಬಂದಿದ್ದರೆ ಅದು ಜಂಗ್.

ಗ್ರೀಸ್ ಗನ್ ಒತ್ತುವಾಗ ನಾಲ್ಕೂ ಕಪ್ಪುಗಳನ್ನು ನೋಡುತ್ತಿರಿ. ಹಳೇ ಕರಿ ಗ್ರೀಸ್ ಹೋಗಿ ಹೊಸದು ನಾಲ್ಕೂ ಕಡೆಯಿಂದ ಇಣುಕಬೇಕು. ಮೂರು ಕಡೆ ಬಂದು ಒಂದು ಕಡೆ ಬರಲಿಲ್ಲ ಅಂದರೆ ಆ ಕಪ್ಪಿನ ದಾರಿ ಕಟ್ಟಿದೆ, ಟ್ರಿಪ್ಪಿನಲ್ಲಿ ಹೋಗುವುದು ಅದೇ. ಅಲ್ಲೇ ನಿಂತು ಹೊಸ ಕ್ರಾಸ್ ಹಾಕಿಸಿ. ಶಾಫ್ಟ್ ಬಿಚ್ಚುವ ಮುಂಚೆ ಎರಡೂ ಭಾಗಕ್ಕೆ ಸೇರುವಂತೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಮಧ್ಯದ ಸ್ಲೈಡಿಂಗ್ ಭಾಗವನ್ನು ಒಂದು ಹಲ್ಲು ಆಚೆ ಈಚೆ ಕೂರಿಸಿದರೂ ಎರಡು ಕ್ರಾಸುಗಳ ಹೊಂದಾಣಿಕೆ ತಪ್ಪಿ ಗಾಡಿ ಗಡಗಡ ನಡುಗುತ್ತದೆ. ಸಸ್ಪೆನ್ಷನ್ ಎತ್ತರ ಮಾಡಿಸಿದ ಮೇಲೆ ನಡುಕ ಬಂದಿದ್ದರೆ ಅದು ಶಾಫ್ಟಿನ ಕೋನದ ಸಮಸ್ಯೆ, ಟೈರ್ ಬ್ಯಾಲೆನ್ಸ್ ಮಾಡಿಸಿ ದುಡ್ಡು ಕಳೆಯಬೇಡಿ.

ಲೀಫ್ ಸ್ಪ್ರಿಂಗಿನ ಯು-ಬೋಲ್ಟ್ ಟೈಟ್ ಮಾಡಿ. ಮುಂದಿನ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆಯಾ ನೋಡಿ. ವೀಲ್ ಬೇರಿಂಗಿಗೆ ಗ್ರೀಸ್ ತುಂಬಿಸಿ. ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಹಬ್ ಲಾಕ್ ಇರುವ ಗಾಡಿಯಾದರೆ ಕೈಯಲ್ಲಿ ತಿರುಗಿಸಿ ನೋಡಿ, ವರ್ಷಗಟ್ಟಲೆ ಮುಟ್ಟದೆ ಅದು ಕೂತುಬಿಟ್ಟಿರುತ್ತದೆ.

ಕ್ಲಚ್ ಪರೀಕ್ಷೆ ಸುಲಭ. ಖಾಲಿ ರೋಡಿನಲ್ಲಿ, ಸಣ್ಣ ಏರಿದ್ದರೆ ಇನ್ನೂ ಒಳ್ಳೆಯದು, ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಕೂಗಿ ಗಾಡಿ ಓಡದಿದ್ದರೆ ಪ್ಲೇಟ್ ಸ್ಲಿಪ್ ಆಗುತ್ತಿದೆ.

ಇನ್ನು ಟೈರ್. 29ರ ಜಾಗದಲ್ಲಿ 31 ಇಂಚು ಹಾಕಿದರೆ ಗೇರ್ ಸುಮಾರು 7 ಪರ್ಸೆಂಟ್ ಉದ್ದವಾದ ಹಾಗೆ. ಮೀಟರ್ 75 ತೋರಿಸುವಾಗ ಗಾಡಿ 80ರಲ್ಲಿರುತ್ತದೆ. ಕ್ಲಚ್, ಕ್ರಾಸ್, ಆಕ್ಸಲ್ ಎಲ್ಲದಕ್ಕೂ ಭಾರ ಜಾಸ್ತಿ. ಟಾರ್ಕ್ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಇಂಜಿನ್ 250 ನ್ಯೂಟನ್ ಮೀಟರ್ ಕೊಡುತ್ತದೆ, ಮೊದಲ ಗೇರ್ 4 ಪಟ್ಟು, ಲೋ ರೇಂಜ್ (ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರ್) 2.5 ಪಟ್ಟು, ಕ್ರೌನ್ 4 ಪಟ್ಟು ಅಂತ ಇಟ್ಟುಕೊಳ್ಳಿ. ಉದ್ದ ಶಾಫ್ಟುಗಳ ತನಕ ಬರುವುದು 2,500, ಕ್ರೌನ್ ದಾಟಿದ ಮೇಲೆ 10,000! ಅದಕ್ಕೇ ಲೋ ರೇಂಜಿನಲ್ಲಿ ಕಾಲು ಮೆತ್ತಗಿರಬೇಕು. ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗಿ ಥಟ್ಟನೆ ಬಂಡೆಗೆ ಕಚ್ಚಿಕೊಳ್ಳುವ ಆ ಒಂದು ಕ್ಷಣದಲ್ಲೇ ಮುರಿಯುವುದು. ಸ್ಟೇರಿಂಗ್ ಪೂರ್ತಿ ತಿರುಗಿಸಿಕೊಂಡು ಆಕ್ಸಿಲರೇಟರ್ ತುಳಿದರೆ ಮುಂದಿನ ಜಾಯಿಂಟ್ ಹೋಗುತ್ತದೆ. ಹಗರಿ ನದಿ ಪಾತ್ರದಂಥ ಸಡಿಲ ಮರಳಿನಲ್ಲಿ ಹಾಫ್ ಕ್ಲಚ್ ಬೇಡ, ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸಿ ಲೋ ಹಾಕಿ. ಡಾಂಬರಿಗೆ ಬಂದ ತಕ್ಷಣ ಫೋರ್ ಬೈ ಫೋರ್ ತೆಗೆಯಿರಿ, ಗಾಳಿ ತುಂಬಿ.

ಇಷ್ಟೆಲ್ಲ ಆದಮೇಲೂ ಗಟ್ಟಿ ಪಾರ್ಟ್ ಹಾಕಿಸಲೇಬೇಕು ಅನ್ನುವವರು, ಎಡ ಬಲದ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್ ಇದ್ದರೆ ಮಾತ್ರ, ಆಕ್ಸಲ್ ಶಾಫ್ಟಿನಿಂದ ಶುರು ಮಾಡಿ. ಲಾಕ್ ಆದಾಗ ಹಿಡಿತ ಇರುವ ಒಂದೇ ಚಕ್ರದ ಶಾಫ್ಟ್ ಪೂರ್ತಿ ಭಾರ ಹೊರಬೇಕಾಗುತ್ತದೆ. ಕ್ರಾಸ್ ಮಾತ್ರ ಕಂಪನಿಯದ್ದೇ ಇರಲಿ.

ಹೊರಡುವ ಒಂದು ವಾರ ಮುಂಚೆ ಪೂರ್ತಿ ಲೋಡ್ ಹಾಕಿ 200 ಕಿ.ಮೀ. ಓಡಿಸಿ. ನಾನು ತುಂಗಭದ್ರಾ ಎಡದಂಡೆ ಕಾಲುವೆ ರೋಡಿನಲ್ಲಿ ಕಾರಟಗಿ, ಸಿಂಧನೂರು ತನಕ ಹೋಗಿ ಬರುತ್ತೇನೆ. ವಾಪಸ್ ಬಂದು ಎಲ್ಲ ಬೋಲ್ಟ್ ಮತ್ತೊಮ್ಮೆ ಟೈಟ್ ಮಾಡಿ, ಯು-ಬೋಲ್ಟ್ ಅರ್ಧ ಸುತ್ತಾದರೂ ಬರುತ್ತದೆ. ಹೌಸಿಂಗ್ ಮೇಲೆ ಹುಷಾರಾಗಿ ಕೈ ಇಟ್ಟು ನೋಡಿ, ಒಂದು ಕಡೆ ಮಾತ್ರ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಹೋಗುತ್ತಿದೆ ಅಂತ ಅರ್ಥ.

ದಾರಿಯಲ್ಲಿ ಹಿಂದಿನ ಕ್ರಾಸ್ ಮುರಿದರೆ ಗಾಬರಿ ಬೇಡ. ಶಾಫ್ಟ್ ಪೂರ್ತಿ ಬಿಚ್ಚಿ ಗಾಡಿಯೊಳಗೆ ಹಾಕಿ, ಫೋರ್ ಬೈ ಫೋರ್ ಹಾಕಿ ಮುಂದಿನ ಚಕ್ರದ ಮೇಲೆ ನಿಧಾನಕ್ಕೆ ಊರು ಸೇರಬಹುದು. ಟ್ರಾನ್ಸ್‌ಫರ್ ಕೇಸಿನೊಳಗೇ ಜಾರಿ ಕೂರುವಂಥ ಶಾಫ್ಟ್ ಇದ್ದರೆ ಆ ಬಾಯಿಂದ ಎಣ್ಣೆ ಸುರಿಯುತ್ತದೆ, ಪ್ಲಾಸ್ಟಿಕ್ ಕವರ್ ಹಾಕಿ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಕಟ್ಟಿ, ದಾರಿಯಲ್ಲಿ ಎಣ್ಣೆ ನೋಡುತ್ತಿರಿ. ಜೊತೆಗೆ ಎರಡು ಕ್ರಾಸ್, ಒಂದು ಲೀಟರ್ ಗೇರ್ ಆಯಿಲ್, ಗ್ರೀಸ್ ಗನ್, ಶಾಫ್ಟ್ ಬೋಲ್ಟುಗಳು ಇರಲಿ. ಒಂದೊಂದು ಕ್ರಾಸಿಗೂ ಲಾಕ್ ಕ್ಲಿಪ್ ನಾಲ್ಕರ ಬದಲು ಎಂಟು ಇಟ್ಟುಕೊಳ್ಳಿ. ಕತ್ತಲಲ್ಲಿ ಪ್ಲೈಯರ್‌ನಿಂದ ಚಿಮ್ಮಿ ಮರಳಿಗೆ ಬಿದ್ದ ಕ್ಲಿಪ್ ಹುಡುಕಲು ಮೂರು ಜನ ಒಂದು ತಾಸು ಮೊಣಕಾಲೂರಿದ್ದೇವೆ. ಸಿಗಲಿಲ್ಲ.