ತಪ್ಪು ಉತ್ತರಗಳ ನೋಟ್‌ಬುಕ್ ಹಿಡಿದು ಬಿ.ಎಡ್. ಮುಗಿಸಿದ್ದು

ಶಿಕ್ಷಕರಾಗಲು ಬಿ.ಎಡ್. ಮಾಡಿದವರಿಗೆ ಪಾಠಕ್ಕೆಂದು ತಯಾರಿಸುವ ರೋಲ್‌ಅಪ್ ಬೋರ್ಡ್, ಚಾರ್ಟ್, ಥರ್ಮೊಕೋಲ್ ಮಾಡೆಲ್ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್‌ನ ದೊಡ್ಡ ಭಾಗವನ್ನು ಅವು ಯಾವುದೂ ಇಲ್ಲದೆ, ಮಕ್ಕಳ ತಪ್ಪು ಉತ್ತರ ಬರೆದಿಡುವ ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡು ಮುಗಿಸಿದೆ. ಹಾಗೆ ಮಾಡಿದರೆ ಮಾರ್ಕ್ಸ್ ಬರಲ್ಲ ಅಂತ ಕಾಲೇಜಿನಲ್ಲೂ ಹೇಳಿದರು, ಗೆಳತಿಯರೂ ಹೇಳಿದರು. ಮಾರ್ಕ್ಸ್ ಬಂತು, ಮಕ್ಕಳಿಗೆ ಗಣಿತವೂ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಿ.ಎಸ್ಸಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮುಗಿಸಿದ್ದು 2013ರಲ್ಲಿ. ಆಮೇಲೆ ಎಂಟು ವರ್ಷ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆದೆ. ಮದುವೆ ಆಯಿತು, ಮಗಳು ಹುಟ್ಟಿದಳು. 2021-22ರ ಸಾಲಿಗೆ ಅರ್ಜಿ ಹಾಕಿದಾಗ ನನಗೆ ಮೂವತ್ತು ದಾಟಿತ್ತು. ಡಿಗ್ರಿಯಲ್ಲಿ ಶೇ. 62 ಇತ್ತು. ಮೊದಲ ಎರಡು ಸುತ್ತಿನಲ್ಲಿ ಸಿಗದೆ, ಕೊನೆಗೆ ದಾವಣಗೆರೆಯಲ್ಲಿ ಸಿಎಸಿ (ಸರ್ಕಾರದ ಕೇಂದ್ರೀಕೃತ ದಾಖಲಾತಿ) ಸೀಟು ಸಿಕ್ಕಿತು. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಬಿಡುವಾಗ ಕೈಯಲ್ಲಿ 1 ಲಕ್ಷ 10 ಸಾವಿರ ಇತ್ತು. ಎರಡು ವರ್ಷಕ್ಕೆ ಫೀಸು, ಪರೀಕ್ಷಾ ಶುಲ್ಕ, ಯೂನಿಫಾರ್ಮ್ ಸೀರೆ ಎಲ್ಲ ಸೇರಿ 45 ಸಾವಿರದ ಹತ್ತಿರ ಹೋಯಿತು. ಬಸ್ಸಿಗೆ ದಿನಕ್ಕೆ 80 ರೂಪಾಯಿ, ತಿಂಗಳಿಗೆ ಹತ್ತಿರ ಹತ್ತಿರ 2 ಸಾವಿರ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಆ ದುಡ್ಡು ಉಳಿಯಿತು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡ ಮೊದಲ ದಿನ ನನಗೆ ಎಷ್ಟು ನಿರಾಳ ಆಯಿತು ಅಂತ ಮನೆ ನಡೆಸಿದವರಿಗೆ ಗೊತ್ತಾಗುತ್ತೆ. ಸಂಜೆ ಹನ್ನೊಂದು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ, ತಲೆಗೆ 400. ಅದೂ ಎಲ್ಲರೂ ತಿಂಗಳು ತಿಂಗಳು ಕೊಡುತ್ತಿರಲಿಲ್ಲ. ಮಗಳನ್ನು ಅತ್ತೆ ನೋಡಿಕೊಂಡರು. ಅವರಿಲ್ಲದಿದ್ದರೆ ಈ ಬಿ.ಎಡ್. ಆಗುತ್ತಲೇ ಇರಲಿಲ್ಲ.

ಎರಡು ವರ್ಷದ ಬಿ.ಎಡ್. ನಿಯಮದಲ್ಲಿ ಇಂಟರ್ನ್‌ಶಿಪ್ ಒಟ್ಟು 20 ವಾರ ಅಲ್ವಾ, ಅದರಲ್ಲಿ ಮೊದಲ ವರ್ಷದ ನಾಲ್ಕು ವಾರ ನಾನೂ ಎಲ್ಲರ ಹಾಗೇ ಮಾಡಿದೆ. ಚಾರ್ಟ್, ಸ್ಕೆಚ್ ಪೆನ್, ಥರ್ಮೊಕೋಲ್, ಬಣ್ಣದ ಹಾಳೆ ಅಂತ 2,700 ಖರ್ಚಾಯಿತು. ರಾತ್ರಿ ಹನ್ನೆರಡರವರೆಗೆ ಕೂತು ಕತ್ತರಿಸಿ ಅಂಟಿಸಿದ್ದೆ. ಭಿನ್ನರಾಶಿಗೆ ಮಾಡಿದ ಒಂದು ಚಕ್ರದ ಮಾಡೆಲ್ ಅಂತೂ ತುಂಬ ಚೆನ್ನಾಗಿತ್ತು. ಪಾಠ ನೋಡಿ ಅಂಕ ಹಾಕಲು ಕಾಲೇಜಿನಿಂದ ವೀಕ್ಷಣೆಗೆ ಬಂದವರು 25ಕ್ಕೆ 21 ಕೊಟ್ಟರು. ಮಾರನೇ ದಿನ ಅದೇ ತರಗತಿಗೆ 1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 1/4 ಅಂದರು. ಹಿಂದಿನ ದಿನ ಇದೇ ಮಕ್ಕಳು ಚಕ್ರ ತಿರುಗಿಸಿ ಚಪ್ಪಾಳೆ ಹೊಡೆದಿದ್ದರು. ಆ 21 ಅಂಕ ನನ್ನದಲ್ಲ, ಥರ್ಮೊಕೋಲ್‌ನದು ಅಂತ ಅನಿಸಿತು.

ನೋಟ್‌ಬುಕ್ ಶುರುವಾಗಿದ್ದು ಟ್ಯೂಷನ್ನಿನಲ್ಲಿ. ಆರನೇ ತರಗತಿಯ ಒಬ್ಬ ಹುಡುಗ 0.35 ದೊಡ್ಡದು, 0.5 ಚಿಕ್ಕದು ಅಂತ ಬರೆದಿದ್ದ. ಯಾಕೋ ಅಂದರೆ, "ಮೂವತ್ತೈದು ಐದಕ್ಕಿಂತ ದೊಡ್ಡದಲ್ವಾ ಮಿಸ್" ಅಂದ. ಅವನ ಪಕ್ಕದ ಹುಡುಗಿ 0.5 ದೊಡ್ಡದು ಅಂತ ಬರೆದಿದ್ದಳು. ಸರಿ ಅಂತ ಗೆರೆ ಎಳೆದೆ. ಮುಂದಿನ ಲೆಕ್ಕದಲ್ಲಿ 0.7 ಮತ್ತು 0.75 ಕೊಟ್ಟರೆ ಅವಳು 0.7 ದೊಡ್ಡದು ಅಂದಳು. ಕೂರಿಸಿಕೊಂಡು ಕೇಳಿದಾಗ ಗೊತ್ತಾಯಿತು, ದಶಾಂಶ ಬಿಂದು ಆದ ಮೇಲೆ ಅಂಕಿ ಜಾಸ್ತಿ ಆದಷ್ಟೂ ಚೂರು ಸಣ್ಣದಾಗುತ್ತೆ ಅಂತ ಅವಳು ತಿಳಿದುಕೊಂಡಿದ್ದಳು. ಅಂದರೆ ಅವಳ ಮೊದಲ ಸರಿ ಉತ್ತರವೂ ತಪ್ಪು ಯೋಚನೆಯಿಂದಲೇ ಬಂದಿತ್ತು. ನಾನು ಸುಮ್ನೆ ಸರಿ ಹಾಕಿ ಮುಂದೆ ಹೋಗಿಬಿಡುತ್ತಿದ್ದೆ. ಅವತ್ತು ರಾತ್ರಿ ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ಮೂರು ಕಾಲಂ ಎಳೆದೆ. ಲೆಕ್ಕ, ಮಗು ಬರೆದ ಉತ್ತರ, ಮಗು ಹೇಗೆ ಯೋಚಿಸಿತು. ಮೂರನೇ ಕಾಲಂ ಅನ್ನು ಊಹೆಯಿಂದ ತುಂಬಬಾರದು, ಮಗುವನ್ನೇ ಕೇಳಿ ಬರೆಯಬೇಕು ಅಂತ ಒಂದು ನಿಯಮ ಹಾಕಿಕೊಂಡೆ. ಆ ನಿಯಮ ಇವತ್ತಿಗೂ ಮುರಿದಿಲ್ಲ.

ಎರಡನೇ ವರ್ಷದ 16 ವಾರಕ್ಕೆ ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಯ ಎ, ಬಿ ವಿಭಾಗ, 38 ಮಕ್ಕಳು. ಮೊದಲ ವಾರ ಪಾಠವನ್ನೇ ಮಾಡಲಿಲ್ಲ. ಹತ್ತು ಲೆಕ್ಕ ಕೊಟ್ಟೆ, ಉತ್ತರ ಒಟ್ಟು ಮಾಡಿದೆ, ಊಟದ ಬಿಡುವಿನಲ್ಲಿ ಐದೈದು ಮಕ್ಕಳನ್ನು ಕೂರಿಸಿ ಕೇಳಿದೆ. ನನ್ನ ಯೋಚನೆ ಸರಳವಾಗಿತ್ತು. ದಿನಾ ಪಾಠ ಶುರುವಾಗುವುದು ಹಿಂದಿನ ದಿನದ ಎರಡು ತಪ್ಪು ಉತ್ತರಗಳಿಂದ. ಅದನ್ನು ಹಲಗೆ ಮೇಲೆ ಬರೆದು, "ಒಬ್ಬರು ಹೀಗೆ ಮಾಡಿದ್ದಾರೆ, ಏನು ಯೋಚಿಸಿರಬಹುದು?" ಅಂತ ಕೇಳುವುದು.

ಪಾಠ ಶುರು ಮಾಡಿದ ಎರಡನೇ ದಿನವೇ ಎಡವಿದೆ. -3 - 2 = 5 ಅಂತ ಬರೆದ ಒಂದು ಮಗುವಿನ ಉತ್ತರವನ್ನು ಇದ್ದಂತೆಯೇ ಹಲಗೆಗೆ ಹಾಕಿದೆ. ಹೆಸರು ಹೇಳಲಿಲ್ಲ. ಆದರೆ ಪಕ್ಕದಲ್ಲಿ ಕೂತವಳಿಗೆ ಅದು ಯಾರದ್ದು ಅಂತ ಗೊತ್ತಿತ್ತು, ಕಿಸಕ್ಕನೆ ನಕ್ಕಳು. ಇಡೀ ತರಗತಿ ತಿರುಗಿ ನೋಡಿತು. ಆ ಉತ್ತರ ಬರೆದಿದ್ದ ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ನಾನೇ ಮನೆಗೆ ಹೋಗಿ ಅವರಮ್ಮನ ಹತ್ತಿರ ಮಾತಾಡಿ ಕರೆದುಕೊಂಡು ಬಂದೆ. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಅಲ್ಲಿಂದ ಮುಂದೆ ತಪ್ಪು ಮಾತ್ರ ಉಳಿಸಿಕೊಂಡು ಅಂಕಿಗಳನ್ನು ಬದಲಾಯಿಸಿದೆ. ಎಂಟನೇ ಎ ವಿಭಾಗದ ತಪ್ಪು ಬಿ ವಿಭಾಗಕ್ಕೆ, ಬಿ ವಿಭಾಗದ್ದು ಎ ವಿಭಾಗಕ್ಕೆ. ಮತ್ತೆ ಯಾರೂ ನಗಲಿಲ್ಲ.

ಮೂರನೇ ವಾರಕ್ಕೆ ಇನ್ನೊಂದು ತೊಡಕು. ಮಿಸ್ ಹಲಗೆ ಮೇಲೆ ಬರೆದಿದ್ದು ಅಂದರೆ ತಪ್ಪೇ ಅಂತ ಮಕ್ಕಳು ಪತ್ತೆ ಹಚ್ಚಿಬಿಟ್ಟರು. ಯೋಚನೆ ಮಾಡದೆ "ತಪ್ಪು ಮಿಸ್" ಅಂತ ಕೂಗಲು ಶುರು ಮಾಡಿದರು. ಆಗ ಮೂರಕ್ಕೆ ಒಂದು ಸರಿ ಉತ್ತರ ಸೇರಿಸಿದೆ. ಸರಿ ಉತ್ತರವನ್ನು ಎಷ್ಟನೆಯದಾಗಿ ಇಡಬೇಕು, ಯಾವ ದಿನ ಎರಡೂ ಸರಿ ಇರಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಟ್ಟುಕೊಡಲ್ಲ. ಹದಿನಾರು ವಾರ ಒದ್ದಾಡಿ ಕಂಡುಕೊಂಡಿದ್ದು ಅದು.

ಎಲ್ಲಕ್ಕಿಂತ ಕಷ್ಟ ಆಗಿದ್ದು ವೀಕ್ಷಣೆ. ಮೊದಲ ಸಲ ಬಂದ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತು, "ಏನಮ್ಮಾ, ಬೋಧನೋಪಕರಣ ಎಲ್ಲಿ? ತಪ್ಪನ್ನು ಹಲಗೆ ಮೇಲೆ ಬರೆದರೆ ಮಕ್ಕಳು ಅದನ್ನೇ ಕಲಿತುಬಿಡುತ್ತಾರೆ" ಅಂದರು. ಪೀರಿಯಡ್ ಮುಗಿದ ಮೇಲೂ ನನ್ನ ಪಾಠ ಮುಗಿದಿರಲಿಲ್ಲ. 25ಕ್ಕೆ 13. ನಮ್ಮ ಗುಂಪಿನಲ್ಲೇ ಕಡಿಮೆ. ಬಸ್ಸಿನಲ್ಲಿ ಬರುವಾಗ ಗೆಳತಿ, "ಈ ಹಟ ಬಿಡು, ನಾಲ್ಕು ಚಾರ್ಟ್ ಮಾಡು, ಮುಗಿಸು" ಅಂದಳು. ಅವಳು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ನನಗೆ ಮನಸ್ಸಾಗಲಿಲ್ಲ.

ಹಟಕ್ಕಿಂತ ಜಾಣತನ ಬೇಕಿತ್ತು. ಕಾಲೇಜಿನವರು ಕೇಳುವುದು 5ಇ ಅನ್ನುವ ಐದು ಹಂತದ ಪಾಠ ಯೋಜನೆ. ಸರಿ, ಅದರಲ್ಲೇ ಕೂರಿಸಿದೆ. ತಪ್ಪು ಉತ್ತರ ಬರೆಯುವುದು ತೊಡಗಿಸಿಕೊಳ್ಳುವಿಕೆ. ಮಗು ಏನು ಯೋಚಿಸಿತು ಅಂತ ಹುಡುಕುವುದು ಅನ್ವೇಷಣೆ. ಆಮೇಲೆ ಹತ್ತು ನಿಮಿಷ ಮಾತ್ರ ನನ್ನ ವಿವರಣೆ. ವಿಸ್ತರಣೆಗೆ ಮಕ್ಕಳೇ ಒಂದು "ಒಳ್ಳೇ ತಪ್ಪು" ತಯಾರಿಸಿ ಪಕ್ಕದವರಿಗೆ ಕೊಡುವುದು. ಮೌಲ್ಯಮಾಪನಕ್ಕೆ ಎರಡು ಲೆಕ್ಕ, ಅದೇ ನಾಳೆಯ ನೋಟ್‌ಬುಕ್ಕಿಗೆ ಸರಕು. ಐದು ಪುಟದ ಯೋಜನೆ ಎರಡು ಪುಟಕ್ಕೆ ಇಳಿಯಿತು. ಅವರೇ ಮತ್ತೆ ಬಂದಾಗ 19 ಕೊಟ್ಟರು, ಕೊನೆಯ ಸಲ 23.

ಬೋಧನೋಪಕರಣ ಬೇಕೇ ಬೇಕು ಅಂದಿದ್ದಕ್ಕೆ ಹುಣಸೆ ಬೀಜ ತಂದೆ. ಚೌಕಾಬಾರ ಆಡುವಾಗ ಬೀಜದ ಒಂದು ಮೈ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತೇವಲ್ಲ, ಅದೇ. ಬಿಳಿ ಮೈ ಮೇಲಿದ್ದರೆ ಧನ ಒಂದು, ಕಂದು ಮೇಲಿದ್ದರೆ ಋಣ ಒಂದು. ಒಂದು ಬಿಳಿ, ಒಂದು ಕಂದು ಸೇರಿದರೆ ಸೊನ್ನೆ, ಎತ್ತಿ ಪಕ್ಕಕ್ಕೆ ಇಡು. -3 - 2 ಅಂದರೆ ಮೂರು ಕಂದು ಬೀಜ ಇದೆ, ಅದರಿಂದ ಎರಡು ಬಿಳಿ ತೆಗೆಯಬೇಕು. ಬಿಳಿ ಇಲ್ಲವಲ್ಲ! ಮಕ್ಕಳು ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಎರಡು ದಿನ ಶಾಲೆ ಬಿಟ್ಟಿದ್ದಳಲ್ಲ, ಅದೇ ಹುಡುಗಿ, "ಮಿಸ್, ಎರಡು ಸೊನ್ನೆ ಒಳಗೆ ಹಾಕಬಹುದಾ?" ಅಂದಳು. ಎರಡು ಜೋಡಿ ಹಾಕಿದಳು, ಎರಡು ಬಿಳಿ ಎತ್ತಿದಳು, ಐದು ಕಂದು ಉಳಿಯಿತು. ಉಜ್ಜುವ ಕೆಲಸವನ್ನು ಮಕ್ಕಳೇ ಮಾಡಿದರು, ಆಟದ ಬಯಲಿನ ಕಲ್ಲಿನ ಮೇಲೆ. ಖರ್ಚು ಸೊನ್ನೆ.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮುಖ್ಯ ಶಿಕ್ಷಕರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ನನ್ನ ಪಾಠದ ದನಿ ಹಿಡಿದು ಕೇಳಿಸಿಕೊಂಡೆ. 40 ನಿಮಿಷದಲ್ಲಿ 31 ನಿಮಿಷ ನಾನೇ ಮಾತಾಡಿದ್ದೆ. ಪ್ರಶ್ನೆ ಕೇಳಿ ಉಸಿರು ಎಳೆಯುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿದ್ದರು. ಶಿಕ್ಷಕರು ಕಾಯುವುದು ಸಾಮಾನ್ಯವಾಗಿ ಒಂದೇ ಸೆಕೆಂಡು, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತೆ, ಸುಮ್ಮನಿರುವವರೂ ಮಾತಾಡುತ್ತಾರೆ ಅಂತ. ಓದುವಾಗ ಇದು ಒಂದು ಸಾಲು ಅಷ್ಟೇ. ತರಗತಿಯಲ್ಲಿ ಮೂರು ಸೆಕೆಂಡು ತುಂಬ ಉದ್ದ. ನಾನು ಸೀಮೆಸುಣ್ಣ ಕೆಳಗಿಟ್ಟು, ಡಸ್ಟರ್ ಎತ್ತಿಕೊಂಡು ಮತ್ತೆ ಇಡುವುದನ್ನು ರೂಢಿ ಮಾಡಿಕೊಂಡೆ. ಅಷ್ಟರಲ್ಲಿ ಮೂರು ನಾಲ್ಕು ಸೆಕೆಂಡು ಆಗಿರುತ್ತೆ.

 ತರಗತಿಯ ಒಂದು ತೊಡಕನ್ನು ನಾವೇ ಪರೀಕ್ಷಿಸಿ ನೋಡುವ ಕ್ರಿಯಾ ಸಂಶೋಧನೆಗೆ ನೋಟ್‌ಬುಕ್ಕನ್ನೇ ವಿಷಯ ಮಾಡಿಕೊಂಡೆ. ಪೂರ್ವ ಪರೀಕ್ಷೆಯಲ್ಲಿ ಋಣ ಸಂಖ್ಯೆಯ ಲೆಕ್ಕಗಳನ್ನು 38ರಲ್ಲಿ ಎಂಟೋ ಒಂಬತ್ತೋ ಮಕ್ಕಳು ಮಾತ್ರ ಸರಿ ಮಾಡಿದ್ದರು. ಕೊನೆಗೆ 29. ಆರು ವಾರ ಬಿಟ್ಟು ಹೇಳದೆ ಕೇಳದೆ ಇನ್ನೊಂದು ಪರೀಕ್ಷೆ ಕೊಟ್ಟಾಗ 26. ನನಗೆ 29ಕ್ಕಿಂತ ಆ 26ರ ಮೇಲೇ ಹೆಮ್ಮೆ. ಆದರೆ (a+b)² = a² + b² ಅನ್ನುವ ತಪ್ಪು ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಹಾಳೆ ಮಡಚಿ ನಾಲ್ಕು ಭಾಗ ಮಾಡಿಸಿದೆ, a², b² ಚೌಕ ಬಿಟ್ಟು ಉಳಿದ ಎರಡು ತುಂಡು ಕೈಯಲ್ಲಿ ಹಿಡಿದು ತೋರಿಸಿದೆ. ಅವತ್ತು ಸರಿ, ವಾರ ಬಿಟ್ಟರೆ ಮತ್ತೆ ಹಳೇ ದಾರಿ. ಅದಕ್ಕೆ ನನ್ನ ಹತ್ತಿರ ಇನ್ನೂ ಮದ್ದಿಲ್ಲ.

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಕಥೆಯನ್ನೂ ಹೇಳಬೇಕು. ಇಂಟರ್ನ್‌ಶಿಪ್ ನಡೆಯುವಾಗಲೇ, 2023ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಬಿ.ಎಡ್. ಆದವರು 1ರಿಂದ 5ನೇ ತರಗತಿಗೆ ಅರ್ಹರಲ್ಲ ಅಂತ. ನಮ್ಮ ಬ್ಯಾಚಿನ ಎಷ್ಟೋ ಜನ ಕುಗ್ಗಿಹೋದರು. ನನ್ನ ಕಣ್ಣಿದ್ದದ್ದು 6ರಿಂದ 8ನೇ ತರಗತಿಯ ಶಿಕ್ಷಕರಿಗೆ ಇರುವ ಪತ್ರಿಕೆ 2ರ ಮೇಲೆ. ಸೆಪ್ಟೆಂಬರಿನಲ್ಲಿ ಬರೆದೆ, 150ಕ್ಕೆ 84 ಬಂತು. 90 ಬೇಕಿತ್ತು. ಗಣಿತ-ವಿಜ್ಞಾನದ 60ರಲ್ಲಿ ಚೆನ್ನಾಗೇ ಬಂದಿತ್ತು. ಕೈಕೊಟ್ಟಿದ್ದು ಶಿಶು ವಿಕಾಸದ 30 ಮತ್ತು ಇಂಗ್ಲಿಷಿನ 30. ಮನೆಯಲ್ಲಿ ಯಾರೂ ಬೈಯಲಿಲ್ಲ, ಆದರೆ ನೆಂಟರು ಬಂದಾಗ ನನ್ನ ಓದಿನ ಮಾತು ಎತ್ತುವುದನ್ನು ನಿಲ್ಲಿಸಿದರು.

ಆಗ ಹೊಳೆಯಿತು, ನನ್ನ ತಪ್ಪಿಗೂ ನೋಟ್‌ಬುಕ್ ಯಾಕೆ ಬೇಡ ಅಂತ. ಹಳೇ ಪ್ರಶ್ನೆ ಪತ್ರಿಕೆಗಳನ್ನು ಬಿಡಿಸಿದೆ, ತಪ್ಪಾಗಿದ್ದನ್ನು ಮಾತ್ರ ಅದೇ ಮೂರು ಕಾಲಂನಲ್ಲಿ ಬರೆದೆ. ಶಿಶು ವಿಕಾಸದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ, ಮಗುವಿನ ಯೋಚನೆ ಬೆಳೆಯುವ ಹಂತಗಳನ್ನು ಬಾಯಿಪಾಠ ಮಾಡಿದ್ದೆ, ಆದರೆ ಪ್ರಶ್ನೆಯಲ್ಲಿ ಒಂದು ಮಗುವಿನ ಮಾತು ಕೊಟ್ಟು ಇದು ಯಾವ ಹಂತ ಅಂದರೆ ಗುರುತು ಸಿಗುತ್ತಿರಲಿಲ್ಲ. ಶಾಲೆ ವಯಸ್ಸಿನ ಹಂತಗಳಿಗೆ ನನ್ನ ಟ್ಯೂಷನ್ನಿನ ಒಂದೊಂದು ಮಗುವಿನ ಮಾತು ಬರೆದುಕೊಂಡೆ. ಕೋಚಿಂಗ್‌ಗೆ ಹೋಗಲಿಲ್ಲ, ಅದಕ್ಕೆ 8 ಸಾವಿರ ಕೇಳಿದ್ದರು. 2024ರ ಜೂನ್ 30ರ ಟಿಇಟಿಯಲ್ಲಿ 107 ಬಂತು.

ಈಗ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಗೌರವಧನ ಸೇರಿದಾಗ ಹತ್ತೂವರೆ ಸಾವಿರ ಇತ್ತು, ಸಹಕಾರ ಸಂಘದಲ್ಲಿ ಬರುತ್ತಿದ್ದುದಕ್ಕಿಂತ ಕಡಿಮೆ. ನೇಮಕಾತಿ ಕರೆಯುವುದನ್ನು ಕಾಯುತ್ತಿದ್ದೇನೆ, ಟ್ಯೂಷನ್ ಬಿಟ್ಟಿಲ್ಲ. ಬೇಡ ಅಂದಿದ್ದ ಆ ಗೆಳತಿ ಈಗ ಬೇರೆ ಶಾಲೆಯಲ್ಲಿ ವಿಜ್ಞಾನಕ್ಕೆ ಇದೇ ನೋಟ್‌ಬುಕ್ ಇಟ್ಟಿದ್ದಾಳೆ. ಭಾನುವಾರ ಫೋನಿನಲ್ಲಿ ಇಬ್ಬರೂ ತಪ್ಪು ಅದಲು ಬದಲು ಮಾಡಿಕೊಳ್ಳುತ್ತೇವೆ.

ನನ್ನದು ಈಗ ನಾಲ್ಕನೇ ನೋಟ್‌ಬುಕ್. ಮೊನ್ನೆ ಒಂಬತ್ತನೇ ತರಗತಿಯ ಒಬ್ಬ ಹುಡುಗ √50 ಅಂದರೆ 25 ಅಂತ ಬರೆದಿದ್ದಾನೆ. ಅದೇ ಪುಟದಲ್ಲಿ √49ಕ್ಕೆ 7 ಅಂತ ಸರಿಯಾಗಿ ಬರೆದಿದ್ದಾನೆ. 49ಕ್ಕೆ 7 ಆದರೆ, 49ಕ್ಕೆ ಒಂದು ಸೇರಿಸಿದ 50ಕ್ಕೆ 25 ಹೇಗೆ ಆಯಿತು ಅಂತ ಅವನಿಗೆ ಅನಿಸಲೇ ಇಲ್ಲವಾ? ನನಗೆ ಒಂದು ಊಹೆ ಇದೆ, ಆದರೆ ಮೂರನೇ ಕಾಲಂ ಖಾಲಿ ಬಿಟ್ಟಿದ್ದೇನೆ. ಅವನು ಎರಡು ದಿನದಿಂದ ಜ್ವರ ಅಂತ ಬಂದಿಲ್ಲ. ಸೋಮವಾರ ಬಂದ ಮೇಲೆ ಕೇಳಬೇಕು.