ಪರ್ಕಿಂಜೆ ಕೋಶಕ್ಕೆ ಮೈಸೂರು ಗೆಸ್ಸೊ: ನನ್ನ ಅನುಭವ

ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೂ ಆಭರಣಕ್ಕೂ ಮೀಸಲಾದ ಗೆಸ್ಸೊ ಕೆಲಸವನ್ನು, ಅಂದರೆ ಗೋಂದು ಬೆರೆಸಿದ ಬಿಳಿ ಸರಿಯಿಂದ ಉಬ್ಬುಗೆರೆ ಎಳೆದು ಚಿನ್ನದ ರೇಕು ಹಚ್ಚುವುದನ್ನು, ನರಕೋಶದ ಚಿತ್ರಕ್ಕೆ ಬಳಸುತ್ತೇನೆಂದಾಗ ಸಾಂಪ್ರದಾಯಿಕ ಚಿತ್ರಕಾರರು ಅಪಚಾರವೆಂದರು, ಪ್ರಯೋಗಾಲಯದ ಪರಿಚಿತರು ಬರಿಯ ಅಲಂಕಾರವೆಂದರು. ಈಗ ನಾಲ್ಕೈದು ಚಿತ್ರಗಳು ಮಾರಾಟವಾಗಿರುವುದರಿಂದ ವಿವರ ಬರೆಯಲು ಅಡ್ಡಿಯಿಲ್ಲ.

ನಾನು ಆರಿಸಿಕೊಂಡದ್ದು ಕಿರುಮೆದುಳಿನ ಪರ್ಕಿಂಜೆ ಕೋಶವನ್ನು. ಅದರ ಡೆಂಡ್ರೈಟುಗಳು, ಅಂದರೆ ಸಂಕೇತಗಳನ್ನು ಪಡೆಯುವ ರೆಂಬೆಗಳು, ಎಲ್ಲ ದಿಕ್ಕಿಗೂ ಹರಡದೆ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಕವಲೊಡೆಯುತ್ತವೆ. ತಂಜಾವೂರಿನವರಷ್ಟು ಉಬ್ಬಿಸದೆ ತೆಳುವಾಗಿ ಎಳೆಯುವ ನಮ್ಮ ಗೆಸ್ಸೊಗೆ ಇದಕ್ಕಿಂತ ಒಪ್ಪುವ ವಸ್ತು ನನಗೆ ಸಿಕ್ಕಿಲ್ಲ. ನಡುವೆ ಪಿರಮಿಡ್ಡಿನಾಕಾರದ ಒಡಲಿನ ಇನ್ನೊಂದು ಬಗೆಯ ನರಕೋಶಗಳಾದ ಪಿರಮಿಡ್ ಕೋಶಗಳನ್ನೂ ಪ್ರಯತ್ನಿಸಿದೆನಾದರೂ, ಅವುಗಳ ರೆಂಬೆಗಳು ನೋಡುವವರ ಕಡೆಗೂ ಚಾಚುವುದರಿಂದ ಹಲಗೆಯ ಮೇಲೆ ಅರ್ಧ ಆಕಾರವೇ ನಷ್ಟವಾಗುತ್ತಿತ್ತು.

ಕುಂಚದಿಂದ ಎಳೆದ ಕವಲುಗಳು ಎಷ್ಟು ಜಾಗ್ರತೆ ವಹಿಸಿದರೂ ರಂಗೋಲಿಯ ಬಳ್ಳಿಯಂತೆ ಅಚ್ಚುಕಟ್ಟಾಗಿಬಿಡುತ್ತಿದ್ದವು. ಶಾಯಿಯನ್ನು ಊದಿ ಹರಿಸುವ ಉಪಾಯವನ್ನು ಕಲಿತದ್ದು, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನದ ಡಾಕ್ಟರೇಟ್ ಪಡೆದು ಚಿತ್ರಕಾರರಾದ ಗ್ರೆಗ್ ಡನ್ ಅವರ ಕೆಲಸ ನೋಡಿ. ಆದರೆ ಒಂದೇ ಪರ್ಕಿಂಜೆ ಕೋಶದ ಕವಲುಗಳು ಒಂದನ್ನೊಂದು ದಾಟುವುದನ್ನು ಬಹುಮಟ್ಟಿಗೆ ತಪ್ಪಿಸುತ್ತವೆ. ಊದಿದ ಶಾಯಿಯೋ ಎದುರಾದ ಹಸಿ ಗೆರೆಯನ್ನು ಕೂಡಿಕೊಂಡೇ ಬಿಡುತ್ತದೆ. ಹೀಗೆ ಹತ್ತಾರು ಹಾಳೆಗಳು ರದ್ದಿಗೆ ಹೋದವು. ಒಂದು ಕವಲು ಪೂರ್ತಿ ಒಣಗಿದ ಮೇಲೆ, ಹಲಗೆಯನ್ನು ಓರೆಮಾಡಿ, ಬುಡದಿಂದ ತುದಿಯ ಕಡೆಗೆ ಮತ್ತೊಂದನ್ನು ಊದತೊಡಗಿದಾಗ ಕೆಲಸ ಕೈಗೆ ಹತ್ತಿತು. ಶಾಯಿಗೆ ಬೆರೆಸುವ ಗೋಂದಿನ ಪ್ರಮಾಣ ಮಾತ್ರ ನನ್ನಲ್ಲೇ ಇರಲಿ.

ಗೆಸ್ಸೊ ದಪ್ಪ ಕವಲುಗಳಿಗಷ್ಟೇ. ತುದಿಗಳು ಬರಿಯ ಶಾಯಿಯಲ್ಲೇ ಉಳಿಯುತ್ತವೆ. ಖರ್ಚು ಉಳಿಸಲು ಹಚ್ಚಿದ ಹಿತ್ತಾಳೆಯ ರೇಕು ಒಂದೇ ಮಳೆಗಾಲದಲ್ಲಿ ಕಪ್ಪಿಟ್ಟಿತು. ಅಪ್ಪಟ ಚಿನ್ನದ ರೇಕಿಗೆ ಬಂದ ಮೇಲೆ ಹಲಗೆಯೊಂದಕ್ಕೆ ರೇಕಿನ ಬಾಬತ್ತೇ ಒಂಬತ್ತು ಸಾವಿರದ ಆಸುಪಾಸಿಗೆ ಹೋಯಿತು. ಎಲ್ಲ ಸೇರಿ ಹದಿನೈದು ಸಾವಿರ ತಿಂದ ಮೊದಲ ಚಿತ್ರ ಹನ್ನೆರಡಕ್ಕೆ ಹೋಯಿತು.

ಒಂದು ಹಲಗೆಯ ತುಂಬ ಕೋಶಗಳನ್ನು ಬರೆದು ಎಲ್ಲಕ್ಕೂ ಚಿನ್ನ ಹಚ್ಚಿದಾಗ ಯಾವ ಕೋಶವೂ ಬಿಡಿಯಾಗಿ ಕಾಣಲಿಲ್ಲ. 1873ರಲ್ಲಿ ಇಟಲಿಯ ವಿಜ್ಞಾನಿ ಕಮಿಲ್ಲೊ ಗಾಲ್ಗಿ ಪ್ರಕಟಿಸಿದ, ಮುಂದೆ ಸ್ಪೇನಿನ ನರವಿಜ್ಞಾನಿ ಕಹಾಲ್ ಬಳಸಿ ಬೆಳೆಸಿದ, ಸೂಕ್ಷ್ಮದರ್ಶಕದಲ್ಲಿ ನರಕೋಶ ಕಾಣುವಂತೆ ಮಾಡುವ ಬೆಳ್ಳಿಯ ಬಣ್ಣಗಟ್ಟುವಿಕೆಯ ಗುಟ್ಟೂ ಇದೇ ಆಗಿತ್ತು: ಅದು ಅಂಗಾಂಶದ ಕೆಲವೇ ಕೋಶಗಳನ್ನು ಹಿಡಿಯುತ್ತಿದ್ದುದರಿಂದಲೇ ಒಂದೊಂದೂ ಬುಡದಿಂದ ತುದಿಯವರೆಗೆ ಕಾಣುತ್ತಿತ್ತು. ಅದನ್ನೇ ಅನುಸರಿಸಿ ಇತ್ತೀಚಿನ ಹಲಗೆಯಲ್ಲಿ ಮೂರು ಕೋಶಗಳಿಗೆ ಮಾತ್ರ ಚಿನ್ನ ಕೊಟ್ಟು ಉಳಿದವನ್ನು ಮಸುಕಾದ ಬೂದುಬಣ್ಣದಲ್ಲಿ ಬಿಟ್ಟೆ. ರೇಕಿನ ಖರ್ಚು ಅರ್ಧಕ್ಕಿಳಿಯಿತು, ಚಿತ್ರಕ್ಕೆ ನಲವತ್ತು ಸಾವಿರದ ಹತ್ತಿರ ಬಂತು.